ಭಾಗವತರಿಲ್ಲದ ಜಗಲಿ

ಕೋಟದ ಬಸ್ ಸ್ಟಾಪಿನಲ್ಲಿ ನಿಂತಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಹ್ವಾಯ್, ನಿಮ್ ಮಾವನ ಹೊಸ ಪುಸ್ತಕ ಯಾವಾಗ ಬತ್ತ್?"

"ಬರೀತಾ ಇದ್ರ್" ಅನ್ನುತ್ತೇನೆ ನಾನು.

ಅವರು ಬರೆಯುತ್ತಿಲ್ಲ. ಪ್ರಶಸ್ತಿ ಬಂದ ಮರುವರ್ಷ ಶುರು ಮಾಡಿದ ಐದನೆಯ ಕಾದಂಬರಿ ಅರ್ಧಕ್ಕೆ ನಿಂತು ವರ್ಷಗಳೇ ಆದವು. ಅದು ಮುಗಿಯುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ. ಯಾಕೆ ನಿಂತಿತು ಎನ್ನುವುದು ಮಾತ್ರ ನನಗೆ ಗೊತ್ತು. ಅದು ನಿಂತ ಮಧ್ಯಾಹ್ನ ಅವರ ಎದುರು ಕೂತಿದ್ದವಳು ನಾನು.

ಗೊತ್ತು ಎಂದೆನಲ್ಲ, ಆ ಮಾತನ್ನೂ ಒಮ್ಮೆ ಪರೀಕ್ಷಿಸಬೇಕು. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಒಂದು ಘಟನೆಯ ಹಿಂದೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ಮೇಜು ಕುಟ್ಟಿ ಹೇಳಿದ್ದೇನೆ. ಹಾಗಾಗಿ ನನ್ನ ಪರವಾಗಿ ನಾನೇ ವಾದಿಸಿ ನೋಡಿದ್ದೇನೆ. ಮಾವನಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ ಇದೆ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಪ್ರಶಸ್ತಿ ಬಂದ ಮೇಲೆ ಬರೆಯುವುದನ್ನು ಬಿಟ್ಟವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾಲ್ಕೂ ಒಳ್ಳೆಯ ವಾದಗಳೇ. ಆದರೆ ಸಕ್ಕರೆ ಪ್ರಶಸ್ತಿಗಿಂತ ಮೊದಲೇ ಇತ್ತು, ಕಣ್ಣಿನ ಪೊರೆ ತೆಗೆಸಿಯಾಯಿತು, ಮತ್ತು ಮಾವ ಪ್ರಶಸ್ತಿಯಿಂದ ತೃಪ್ತರಾಗುವ ಜಾತಿಯವರೇ ಅಲ್ಲ. ಅವರಿಗೆ ಇನ್ನೂ ನಾಲ್ಕು ಬೇಕಿತ್ತು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಕಪ್ಪು ತೊಳೆದು, ಟೇಬಲ್ ಒರೆಸಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ನೈಟ್ ಸ್ಕೂಲಿನಲ್ಲಿ ಕಲಿತ ಅರ್ಧ ಭೌತಶಾಸ್ತ್ರ, ಫುಟ್‌ಪಾತಿನಲ್ಲಿ ತೂಕಕ್ಕೆ ಕೊಂಡ ಹಳೆಯ ವಿಜ್ಞಾನ ಪತ್ರಿಕೆಗಳು, ಇಷ್ಟನ್ನು ಇಟ್ಟುಕೊಂಡು ಬಿಲ್ಲಿನ ಕಾಗದಗಳ ಹಿಂಬದಿಯಲ್ಲಿ ಕಾದಂಬರಿ ಬರೆದರು. ವಿನಯ ಅವರ ಹತ್ತಿರ ಸುಳಿದದ್ದಿಲ್ಲ. ಊರಿಗೆ ಬಂದರೆ ಕಿಸೆಯಲ್ಲಿ ಎರಡು ಪೆನ್ನು, ಕುತ್ತಿಗೆಗೆ ಅತ್ತರು. "ನಾ ಹೋಟ್ಲಿನವ ಅಲ್ಲ, ಕಾದಂಬರಿಕಾರ. ಹೋಟ್ಲ್ ನನ್ನ ಸೈಡ್ ಬಿಸ್ನೆಸ್" ಎನ್ನುತ್ತಿದ್ದರು. ಹೋಟೆಲಿನ ಮಾಲೀಕರ ಎದುರಿಗೂ ಹಾಗೇ ಹೇಳಿದ್ದರಂತೆ.

ತೊಂಬತ್ತೇಳರಲ್ಲಿ ಅವರು ಮುಂಬಯಿ ಬಿಟ್ಟು ಬಿಜೂರಿನ ಮನೆಗೆ ಶಾಶ್ವತವಾಗಿ ಬಂದರು. ನನಗೆ ಆಗ ಹದಿಮೂರು. ಅಮ್ಮನ ಜೊತೆ ಕೋಟದಿಂದ ಬಸ್ಸಿನಲ್ಲಿ ಹೋಗಿ, ಇಳಿದು ಗದ್ದೆಯಂಚಿನಲ್ಲಿ ನಡೆದು ಮನೆ ಹತ್ತಿರ ಬರುವಾಗ ಒಳಗೆ ಜೋರು ಜಗಳ ಕೇಳಿಸಿತು. ಅಮ್ಮ ನಿಂತೇಬಿಟ್ಟಳು.

"ಈ ಗ್ರಹದ ಕಲ್ಲು ಕಲ್ಲಿಗೂ ನಾನು ಗೊತ್ತು! ಮನುಷ್ಯ ಎನ್ನುವ ಪ್ರಾಣಿ ಇಲ್ಲಿ ಕಾಲಿಡುವ ಮುನ್ನ ನಾನಿಲ್ಲಿ ಇದ್ದೆ!" ಇದು ಮಾವನ ದನಿ.

"ಇದ್ದದ್ದು ನಿಜವಾದರೆ ತೀರ್ವೆ ಕಟ್ಟಿದ ರಸೀದಿ ಇರಬೇಕಲ್ಲ, ಸ್ವಾಮಿ?" ಇದು ಅತ್ತೆ, ಮಾವ ಮುಂಬಯಿಯಲ್ಲಿದ್ದಷ್ಟು ಕಾಲ ಬಿಜೂರಿನ ಮನೆ, ಗದ್ದೆ ನೋಡಿಕೊಂಡ ಅವರ ಹೆಂಡತಿ.

ಅತ್ತೆ ಜಗಲಿಯಲ್ಲಿ ತೆಂಗಿನಕಾಯಿ ಹೆರೆಯುತ್ತ ಕೂತಿದ್ದರು. ಎದುರಿಗೆ ಮಾವ, ನಡುವೆ ಒಂದು ಟೇಪ್‌ರೆಕಾರ್ಡರ್. ನಮ್ಮನ್ನು ಕಂಡು ಅತ್ತೆ ಹೆರೆಮಣೆಯಿಂದ ಏಳದೆ ಹೇಳಿದರು, "ಬನ್ನಿ ಬನ್ನಿ, ಕೂಕಣಿ. ಇವ್ರ್ ಈಗ ಮನ್ಶ ಅಲ್ಲ. ಒಂಚೂರ್ ಹೊತ್ತಲ್ಲ್ ಆತ್ರ್."

ಅದು ಮಾವ ಕಾದಂಬರಿ ಬರೆಯುವ ಕ್ರಮ. ಮುಂಬಯಿಯಲ್ಲಿ ರಜೆಯ ದಿನ ಹೋಟೆಲಿನ ಹುಡುಗರೆಲ್ಲ ಸೇರಿ ತಾಳಮದ್ದಲೆ ಮಾಡುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲಿಂದ ಮಾತು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥ ಹೇಳುವವರು ತಮ್ಮ ತಮ್ಮ ಪಾತ್ರದ ಪರವಾಗಿ ಆ ಕ್ಷಣಕ್ಕೆ ಹೊಳೆದಂತೆ ವಾದಿಸುತ್ತಾರೆ. ಮಾವ ಅಲ್ಲಿ ಅರ್ಥ ಹೇಳಿ ಹೇಳಿ, ಎದುರಿಗೆ ಒಬ್ಬರಿಲ್ಲದೆ ಒಂದು ಸಂಭಾಷಣೆಯನ್ನೂ ಬರೆಯಲಾರದ ಸ್ಥಿತಿಗೆ ಬಂದಿದ್ದರು. "ಒಬ್ನೇ ಮಾತಾಡ್ರೆ ಅದ್ ಭಾಷಣ ಆತ್ತ್. ಪುಸ್ತಕ ಆತಿಲ್ಲೆ" ಎನ್ನುತ್ತಿದ್ದರು. ಹಾಗಾಗಿ ಕಾದಂಬರಿಯ ಪ್ರತಿ ಮುಖ್ಯ ದೃಶ್ಯವನ್ನೂ ಜಗಲಿಯಲ್ಲಿ ಮೊದಲು ಮಾತಾಡಿ ನೋಡಬೇಕು. ದೃಶ್ಯ ಎಲ್ಲಿಗೆ ತಲುಪಬೇಕು ಎಂದು ಮೊದಲೇ ಹೇಳುತ್ತಾರೆ. ಆಮೇಲೆ ಟೇಪಿನ ಗುಂಡಿ ಒತ್ತುತ್ತಾರೆ. ಪಾತ್ರದೊಳಗೆ ಹೋದ ಕೂಡಲೇ ಇಬ್ಬರ ಭಾಷೆಯೂ ಪುಸ್ತಕದ್ದಾಗುತ್ತಿತ್ತು, ಹೊರಗೆ ಬಂದ ಕೂಡಲೇ ನಮ್ಮದು.

ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಜಗಲಿಯಲ್ಲಿ ಉತ್ತರ ಸಿಗದ ಪ್ರಶ್ನೆಗೆ ಬರೆಯುವಾಗ ಉತ್ತರ ಹುಟ್ಟಿಸುವಂತಿಲ್ಲ. "ಎದುರಿಗಿಪ್ಪೋರಿಗೆ ಹೇಳುಕಾಯ್ದಿದ್ದನ್ನ್ ಕಾಗ್ದದ ಮೇಲೆ ಹೇಳುದ್ ಮೋಸ" ಎನ್ನುವುದು ಅವರ ವಾದ. ಆ ಮನುಷ್ಯನಿಗೆ ಇದ್ದ ಏಕೈಕ ಮಡಿ ಅದು.

ಮೊದಲ ಮೂರು ಪುಸ್ತಕಗಳಿಗೆ ಎದುರಾಳಿ ಅತ್ತೆಯೇ. ಮನೆಯಲ್ಲಿ ಪುಸ್ತಕಗಳನ್ನು ಹೆಸರಿನಿಂದ ಕರೆಯುವ ರೂಢಿಯಿಲ್ಲ. ಮೊದಲನೆಯದು 'ಹೋಟ್ಲಿಂದ್'. ಅದರಲ್ಲಿ ಮುಂಬಯಿಯ ಹೋಟೆಲೊಂದರ ಅಡುಗೆ ಯಂತ್ರಕ್ಕೆ ರುಚಿ ತಿಳಿಯುವುದಿಲ್ಲ. ಗಿರಾಕಿಗಳ ಮುಖ ನೋಡಿ ನೋಡಿ ಉಪ್ಪು ಹಾಕಲು ಕಲಿಯುತ್ತದೆ, ಕಡೆಗೆ ಮುಖ ನೋಡಿ ಸುಳ್ಳು ಹೇಳಲೂ ಕಲಿಯುತ್ತದೆ. ಮುಂಬಯಿಯಲ್ಲಿರುವಾಗ, ರಜೆಗೆ ಊರಿಗೆ ಬಂದು ಬಂದು ಮುಗಿಸಿದ್ದು. ಎರಡನೆಯದು 'ಬಸ್ಸಿಂದ್'. ಸಮುದ್ರ ಏರಿ ನಮ್ಮ ಕರಾವಳಿಯೆಲ್ಲ ಮುಳುಗಿದ ಮೇಲೆ, ನೀರಿನಡಿಯ ಹಳೆಯ ಹೆದ್ದಾರಿಯಲ್ಲಿ ಗಾಜಿನ ಬಸ್ಸೊಂದು ಬೈಂದೂರಿನಿಂದ ಬ್ರಹ್ಮಾವರಕ್ಕೆ ಓಡುತ್ತದೆ. ಕಂಡಕ್ಟರ್ ಈಗಲೂ ಒಂದೊಂದೇ ಸ್ಟಾಪಿನ ಹೆಸರು ಕೂಗುತ್ತಾನೆ.

ಅದನ್ನು ಓದುವಾಗ ನಾನು ಪಿಯುಸಿ ವಿಜ್ಞಾನ. ನೇರ ಬಿಜೂರಿಗೆ ಹೋಗಿ ಕೇಳಿದೆ, "ಮಾವ, ಅಷ್ಟ್ ನೀರಿನ ಒತ್ತಡದಲ್ಲ್ ಬಸ್ಸಿನ ಬಾಗ್ಲ್ ತೆಗುದ್ ಹ್ಯಾಂಗೆ?"

"ತೆಗುದೇ ಇಲ್ಲೆ ಹೆಣೆ" ಎಂದರು. "ಇಳಿವೋರ್ ಇದ್ರಲ್ದಾ?"

ಆ ಮಾತು ನನ್ನನ್ನು ಎಷ್ಟು ಕಾಡಿತೆಂದರೆ ಮರುವಾರ ಇನ್ನೊಂದಿಷ್ಟು ತಪ್ಪುಗಳನ್ನು ಹುಡುಕಿಕೊಂಡು ಹೋದೆ.

ಮೂರನೆಯದು, ದೂರದ ಉಪಗ್ರಹವೊಂದರ ಹಿಮದಡಿಯ ಕಡಲಿನಲ್ಲಿ ಮೀನು ಏಲಂ ಹಾಕುವ ಕಥೆ. ಅಲ್ಲಿ ದುಡ್ಡಿಲ್ಲ, ಆಯುಷ್ಯದ ವರ್ಷಗಳಲ್ಲೇ ಬೆಲೆ ಕೂಗುವುದು. ಉಪ್ಪುಂದದಲ್ಲಿ ದೋಣಿ ತಂಗುವ ದಕ್ಕೆಯಲ್ಲಿ ಮಾವ ಎಷ್ಟೋ ಬೆಳಿಗ್ಗೆ ನಿಂತು ಏಲಂ ಕೂಗುವ ಲಯ ಕಲಿತು ಬರೆದದ್ದು. ನನಗೆ ಈಗಲೂ ಅದೇ ಹೆಚ್ಚು ಇಷ್ಟ. ಯಾರೂ ಓದಲಿಲ್ಲ.

ಈ ಹೊತ್ತಿಗೆ ನಾನು ಕುಂದಾಪುರದಲ್ಲಿ ಡಿಗ್ರಿ ಓದುತ್ತ ಇದ್ದ ಬದ್ದ ಚರ್ಚಾಸ್ಪರ್ಧೆಗಳ ಶೀಲ್ಡುಗಳನ್ನೆಲ್ಲ ಮನೆಗೆ ತರುತ್ತಿದ್ದೆ. ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಒಂದೇ ಮಂತ್ರ ಹೇಳಿಕೊಟ್ಟಿದ್ದರು: ಎದುರಾಳಿಯ ಕೊನೆಯ ವಾಕ್ಯಕ್ಕೆ ಉತ್ತರ ಕೊಡದೆ ಕೂರಬೇಡಿ. ನಾನು ದೇವರನ್ನು ಬಿಟ್ಟದ್ದೂ, ಜಾತಕ ಬಿಟ್ಟದ್ದೂ, ಅಮ್ಮನ ಹರಕೆಗಳನ್ನು ಒಂದೊಂದಾಗಿ ಪ್ರಶ್ನಿಸತೊಡಗಿದ್ದೂ ಆ ವರ್ಷಗಳಲ್ಲೇ. ಮನೆಯಲ್ಲಿ ಊಟಕ್ಕೆ ಕೂತರೆ ಅಪ್ಪಯ್ಯ ಬೇಗ ಉಂಡು ಎದ್ದು ಹೋಗುತ್ತಿದ್ದರು. ನನ್ನ ಮಾತನ್ನು ಆಸೆಪಟ್ಟು ಕೇಳುತ್ತಿದ್ದ ಮನೆಯೆಂದರೆ ಬಿಜೂರಿನದೊಂದೇ.

ನಾಲ್ಕನೆಯ ಕಾದಂಬರಿ ಶುರುವಾದಾಗ ಒಂದು ಭಾನುವಾರ ಅತ್ತೆ ಹೆರೆಮಣೆಯ ಮೇಲೆ, ನಾನು ಕಂಬಕ್ಕೆ ಒರಗಿ ಕೂತಿದ್ದೆ. ಸತ್ತ ಮೀನುಗಾರನೊಬ್ಬನ ನೆನಪುಗಳನ್ನೆಲ್ಲ ತುಂಬಿಕೊಂಡ ಯಂತ್ರ ಅವನ ಹೆಂಡತಿಯ ಬಾಗಿಲಿಗೆ ಬಂದು, ನಾನು ನಿನ್ನ ಗಂಡ, ಒಳಗೆ ಕರೆ ಎನ್ನುತ್ತದೆ. ಮಾವ ಯಂತ್ರ. ಅತ್ತೆ ಹೆಂಡತಿ. ಅತ್ತೆ ಏನೋ ಹೇಳುವ ಮೊದಲೇ ನಾನು ಬಾಯಿ ಹಾಕಿದೆ: "ನನ್ನ ಗಂಡನಿಗೆ ಗೊತ್ತಿದ್ದದ್ದೆಲ್ಲ ನಿನಗೆ ಗೊತ್ತಿದೆ, ಒಪ್ಪಿದೆ. ಅವನಿಗೆ ಮರೆತುಹೋದದ್ದು ಯಾವುದು, ಅದನ್ನು ಹೇಳು."

ಮಾವ ತೊಡೆ ತಟ್ಟಿಕೊಂಡು ನಕ್ಕರು. "ಎಂತ ಬಾಯಿ ಮಾರಾಯ್ತಿ ನಿಂದ್. ಇಕಾ, ನೀ ಈಚೆ ಬಾ. ಇಲ್ಲಿ ಕೂಕೊ."

ಅತ್ತೆ ಹೆರೆಮಣೆಯನ್ನೂ ಕಾಯಿಯನ್ನೂ ಎತ್ತಿಕೊಂಡು ಒಳಗೆ ಹೋದರು. "ಹೋಯ್ಲಿ, ನನ್ಗೂ ಒಲೆ ಹತ್ರ ಬೇರೆ ಕೆಲ್ಸ ಇತ್ತ್" ಎಂದರು. ಅವರ ಜಾಗದಲ್ಲಿ ನಾನು ಕೂತೆ. ಕಾಯಿತುರಿಯ ಬಿಳಿ ಪುಡಿ ಇನ್ನೂ ನೆಲದ ಮೇಲಿತ್ತು.

ಎರಡು ವರ್ಷ ಹಾಗೆ ನಡೆಯಿತು. ಅತ್ತೆ ಒಳಗಿನಿಂದ ಒಂದೇ ಮಾತು ಹೇಳುತ್ತಿದ್ದರು: "ಚಾ ಆಯ್ತ್." ಅದು ಬರುವ ಹೊತ್ತು ವಿಚಿತ್ರವಾಗಿ ಸರಿಯಾಗಿರುತ್ತಿತ್ತು. ಇಬ್ಬರ ವಾದವೂ ತುದಿಗೆ ಬಂದು, ಇನ್ನೊಂದು ಹೆಜ್ಜೆ ಇಟ್ಟರೆ ಮಾತು ಪಾತ್ರವನ್ನು ಬಿಟ್ಟು ಮನುಷ್ಯರಿಗೆ ತಾಗುತ್ತದೆ ಎನ್ನುವಾಗ ಚಹಾ ಆಗಿರುತ್ತಿತ್ತು. ನಾವು ನಕ್ಕು ಏಳುತ್ತಿದ್ದೆವು. ಆಗ ನಾನು ಅದನ್ನು ಕಾಕತಾಳೀಯ ಎಂದೇ ತಿಳಿದಿದ್ದೆ. ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಎಷ್ಟೇ ಹಾರಾಡಲಿ, ಸಾಕು ಎನಿಸಿದಾಗ ಭಾಗವತರು ಜಾಗಟೆ ಬಡಿದು ಮುಂದಿನ ಪದ್ಯ ಎತ್ತುತ್ತಾರೆ. ಸೋಲಬೇಕಾದ ಪಾತ್ರ ಅಲ್ಲಿಗೆ ಸೋತು ಕಥೆಗೆ ದಾರಿ ಬಿಡುತ್ತದೆ. ಎಷ್ಟು ಚೆನ್ನಾಗಿ ವಾದಿಸಿದ ಎಂದಷ್ಟೇ ಅಲ್ಲ, ಎಷ್ಟು ಚೆನ್ನಾಗಿ ಸೋತ ಎಂದೂ ಜನ ಅಳೆಯುತ್ತಾರೆ. ನಮ್ಮ ಜಗಲಿಗೆ ಭಾಗವತರಿಲ್ಲ ಎಂದುಕೊಂಡಿದ್ದೆ ನಾನು. ಇದ್ದರು, ಒಲೆಯ ಹತ್ತಿರ.

ಆ ನಾಲ್ಕನೆಯ ಪುಸ್ತಕಕ್ಕೆ ಪ್ರಶಸ್ತಿ ಬಂತು, ರಾಜ್ಯಮಟ್ಟದ್ದು. ಮೊದಲ ಮೂರನ್ನು ತಿರುಗಿಯೂ ನೋಡದವರು ಬಂದು ಹಾರ ಹಾಕಿದರು. ಉಪ್ಪುಂದದ ದೇವಿಗೆ ಹೇಳಿಕೊಂಡ ಹರಕೆಯಿಂದಲೇ ಬಂತು ಎಂದಳು ಅಮ್ಮ. ನಾನು ಬಿಡುತ್ತೇನೆಯೇ? "ಇದ್ ದೇವಿಯ ಕೃಪೆ ಆರೆ ಆ ಮೂರ್ ಪುಸ್ತಕ ಬಿದ್ದ್ ಹೋದದ್ದ್ ಆರ ಕೋಪ?"

"ಅದ್ ಪ್ರಕಾಶಕರ ಕೋಪ" ಎಂದರು ಅತ್ತೆ, ಮಗ್ಗುಲಲ್ಲಿ ಕೂತು ಹಾರದ ಹೂವು ಬಿಡಿಸುತ್ತ.

ಬ್ರಹ್ಮಾವರದಲ್ಲಿ ನಡೆದ ಸನ್ಮಾನದಲ್ಲಿ ಮಾವ ಪೇಟ ಇಟ್ಟುಕೊಂಡು ಮೈಕಿನ ಮುಂದೆ ನಿಂತು, "ಈ ಪುಸ್ತಕದ ಅರ್ಧ ಮಾತು ನನ್ನ ಸೊಸೆಯದ್ದು" ಎಂದರು. ತಂಗಿಯ ಮಗಳನ್ನು ಸೊಸೆ ಎನ್ನುವುದು ನಮ್ಮ ಕಡೆ ರೂಢಿ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅದಕ್ಕೂ ಹಿಂದಿನ ಮೂರು ಪುಸ್ತಕಗಳ ಅರ್ಧ ಮಾತು ಯಾರದ್ದು ಎಂದು ಅವರು ಹೇಳಲಿಲ್ಲ. ನನಗೂ ಆ ಪ್ರಶ್ನೆ ಏಳಲಿಲ್ಲ. ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಚಪ್ಪಾಳೆ ತಟ್ಟುತ್ತಿದ್ದರು.

ಐದನೆಯ ಕಾದಂಬರಿ ದೊಡ್ಡದು. ಭೂಮಿ ಬಿಟ್ಟು ತಲೆಮಾರುಗಟ್ಟಲೆ ಪಯಣಿಸುವ ನೌಕೆ. ಅದರೊಳಗೆ ನಮ್ಮ ಕಡೆಯ ಜನವೇ. ಸಮುದ್ರವನ್ನು ಕಣ್ಣಾರೆ ಕಂಡವನೆಂದು ಉಳಿದಿರುವುದು ಒಬ್ಬ ಮುದುಕ. ನೌಕೆಯಲ್ಲೇ ಹುಟ್ಟಿದ ಹುಡುಗಿಯೊಬ್ಬಳು, ಇಲ್ಲದ ಸಮುದ್ರದ ಮಾತು ಇನ್ನು ಮಕ್ಕಳಿಗೆ ಕಲಿಸುವುದು ಬೇಡ ಎಂದು ಸಭೆಯಲ್ಲಿ ಅವನನ್ನು ಎದುರಿಸುತ್ತಾಳೆ. ಮಾವ ಮುದುಕ, ನಾನು ಹುಡುಗಿ.

"ಕಾಣ್ ಮಗಾ" ಎಂದು ಮಾವ ಮೊದಲೇ ಹೇಳಿದ್ದರು, "ನೀ ಎಷ್ಟ್ ಬೇಕಾರೂ ಜಾಡ್ಸ್. ಕಡಿಗೆ ಮಾತ್ರ ಒಂದ್ ಪ್ರಶ್ನೆ ಕೇಣ್ಕ್. 'ಸಮುದ್ರ ಹೇಗಿತ್ತು?' ಅಂದೇಳಿ. ಆ ಪ್ರಶ್ನೆ ಬಂದ್ರೆ ಸಾಕ್, ಮುದ್ಕ ಬಾಯಿ ಬಿಡ್ತ. ಮತ್ತೆ ಇಡೀ ಪುಸ್ತಕ ಅದೇ."

ಆ ಭಾನುವಾರ ಅತ್ತೆ ಉಪ್ಪುಂದದಲ್ಲಿ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಿದ್ದರು. ಚಹಾ ಮಾಡಿ ಫ್ಲಾಸ್ಕಿನಲ್ಲಿ ಇಟ್ಟಿದ್ದರು. ಫ್ಲಾಸ್ಕು ಯಾರನ್ನೂ ಕರೆಯುವುದಿಲ್ಲ.

ಮಾವ ಅಂದು ಚೆನ್ನಾಗಿ ಶುರು ಮಾಡಿದರು. "ಮಗಳೇ, ಅದು ಬರೀ ನೀರಲ್ಲ. ಅದು ಉಸಿರಾಡುತ್ತಿತ್ತು. ಹಗಲು ನಮ್ಮನ್ನು ಕೊಟ್ಟು ಕಳಿಸಿ, ಸಂಜೆ ಎಣಿಸಿ ತೆಗೆದುಕೊಳ್ಳುತ್ತಿತ್ತು."

"ಅದಕ್ಕೆ ಸಾಕ್ಷಿ?"

"ನನ್ನ ನೆನಪು."

"ನೆನಪು ನಿಮ್ಮ ಕಡೆಯ ವಕೀಲ. ಅದು ಸಾಕ್ಷಿಯಾಗಲಾರದು. ಅದನ್ನು ಬಿಟ್ಟು ಬೇರೆ ಯಾರಾದರೂ ಇದ್ದರೆ ಕರೆಯಿರಿ."

ಮಾವನ ಕಣ್ಣು ಹೊಳೆಯಿತು. ಅವರಿಗೆ ಇಂಥದ್ದು ಬೇಕು. ಒಂದಷ್ಟು ಹೊತ್ತು ಹೀಗೇ ಹೋಯಿತು. ನನಗೆ ಒಂದರ ಹಿಂದೊಂದು ಹೊಳೆಯುತ್ತಿತ್ತು. ಬಾಯಿಗೆ ರುಚಿ ಹತ್ತಿದಂತೆ. ಪ್ರಶ್ನೆ ಕೇಳಬೇಕಾದ ಜಾಗ ಬಂತು. ನನಗೆ ಗೊತ್ತಾಯಿತು ಕೂಡ. ಮಾವ ಕೈಯನ್ನು ಸ್ವಲ್ಪ ಚಾಚಿ, ಇಗೋ ಬಾ ಎನ್ನುವಂತೆ ಕಾದರು. ಆದರೆ ಅವರ ಕೊನೆಯ ವಾಕ್ಯಕ್ಕೆ ನನ್ನ ಬಳಿ ಉತ್ತರವಿತ್ತು.

"ಅಷ್ಟು ಪ್ರೀತಿಯ ಸಮುದ್ರವನ್ನು ಬಿಟ್ಟು ನೌಕೆ ಹತ್ತಿದ್ದೇಕೆ? ಯಾರಾದರೂ ದೂಡಿದರೇ?"

"ಹೊಟ್ಟೆ ದೂಡಿತು, ಮಗಳೇ."

"ಹೊಟ್ಟೆ ತುಂಬಿದ ಮೇಲೆ ಸಮುದ್ರ ಹಿಂದಕ್ಕೆ ಕರೆಯಲಿಲ್ಲವೇ? ದಡದಲ್ಲಿ ಉಳಿದವರೂ ಇದ್ದರಲ್ಲ. ಉತ್ತವರು, ಕೊಯ್ದವರು, ನಿಮ್ಮ ಮನೆಯ ದೀಪ ಹಚ್ಚಿದವರು. ಬಿಟ್ಟು ಬಂದವನಿಗೆ ಅಳುವ ಹಕ್ಕಿದೆ. ವರ್ಣಿಸುವ ಹಕ್ಕಿಲ್ಲ. ಆ ಹಕ್ಕು ಉಳಿದವರದ್ದು."

ಮಾವ ಹೇಳಿದರು, "ನಾ ವರ್ಷಕ್ಕೊಂದ್ ಸಲ ಬತ್ತಿದ್ನಲೆ."

ಟೇಪು ತಿರುಗುತ್ತಿತ್ತು. ಪಾತ್ರದೊಳಗೆ ಇದ್ದಾಗ ಅವರು ಎಂದೂ ನಮ್ಮ ಭಾಷೆಗೆ ಜಾರಿದವರಲ್ಲ. ಜಾರಿದ್ದನ್ನು ನಾನು ಗಮನಿಸಿದೆ. ಗಮನಿಸಲಿಲ್ಲ ಎಂದು ಹೇಳಿಕೊಳ್ಳುವ ಹಾಗಿದ್ದರೆ ಎಷ್ಟು ಚೆನ್ನಿತ್ತು. ಸ್ಪರ್ಧೆಯಲ್ಲಿ ಎದುರಾಳಿಯ ದನಿ ಬದಲಾದರೆ, ಅಲ್ಲೇ ಇನ್ನೊಂದು ಏಟು ಕೊಡಬೇಕು ಎಂದು ಕಲಿತಿದ್ದೆ.

"ವರ್ಷಕ್ಕೊಮ್ಮೆ ಬರುವವನು ನೆಂಟ. ನೆಂಟನ ಸಾಕ್ಷ್ಯವನ್ನು ಈ ಸಭೆ ಒಪ್ಪುವುದಿಲ್ಲ."

ಮಾವ ಕೈ ಚಾಚಿ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

"ಸಮ ಹೇಳ್ದೆ ಮಗಾ" ಎಂದರು. "ಅದ್ಕೆ ನನ್ನತ್ರ ಉತ್ರ ಇಲ್ಲೆ."

ನನಗೆ ಖುಷಿಯಾಯಿತು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಅರ್ಧಸತ್ಯ. ಬೈಂದೂರಿನಿಂದ ಬರುವ ಬಸ್ಸಿನ ಕಿಟಕಿಯಲ್ಲಿ ಕೂತು ಕೋಟ ಬರುವವರೆಗೂ ಆ ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ, ಶೀಲ್ಡನ್ನು ಮಡಿಲಲ್ಲಿಟ್ಟುಕೊಂಡು ಬರುವ ಹಾಗೆ.

ಮುಂದಿನ ಭಾನುವಾರ ಮಾವ ಟೇಪ್‌ರೆಕಾರ್ಡರ್ ಹೊರಗೆ ತರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೇಳಿದರೆ, "ಆಯ್ತಲೆ, ಎದ್ರಿಗಿಪ್ಪೋರಿಗೆ ಹೇಳುಕೆ ಆಯ್ಲಿಲ್ಲೆ ಅಂದ್ರೆ ಮುಗ್ತ್" ಎಂದು ತೆಂಗಿನ ಬುಡಕ್ಕೆ ನೀರು ಬಿಡಲು ಹೋದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎದುರಿಸುವುದು ನನಗೆ ಗೊತ್ತಿತ್ತು.

ಒಮ್ಮೆ ನಾನೇ ಸೋಲಲು ಹೋದೆ. ಟೇಪ್‌ರೆಕಾರ್ಡರನ್ನು ನಾನೇ ತಂದಿಟ್ಟು, ಕೂತು, ಬಹಳ ನಯವಾಗಿ ಕೇಳಿದೆ: "ಅಜ್ಜಾ, ಸಮುದ್ರ ಹೇಗಿತ್ತು?"

ಮಾವ ನನ್ನ ಮುಖ ನೋಡಿ ನಕ್ಕುಬಿಟ್ಟರು. "ಬ್ಯಾಡ ಹೆಣೆ. ಸೋಲುದ್ ಬೇರೆ, ಸೋತ್ ಕೊಡುದ್ ಬೇರೆ. ನಿಂಗೆ ಸೋಲುಕೆ ಬತ್ತಿಲ್ಲೆ. ಅದ್ ನಿನ್ನ ತಪ್ಪಲ್ಲ, ಕಲ್ಸಿದವ್ರದ್ದ್."

ನಾನೀಗ ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ಎದುರಾಳಿಯ ಕೊನೆಯ ವಾಕ್ಯದ ಆ ಮಂತ್ರವನ್ನು ಹೇಳಿಕೊಡಲು ಬಾಯಿ ತೆರೆದಾಗಲೆಲ್ಲ ಮಾವ ಗುಂಡಿ ಒತ್ತಿ ಟೇಪು ನಿಲ್ಲಿಸಿದ್ದು ಕಣ್ಣ ಮುಂದೆ ಬರುತ್ತದೆ. ಆದರೂ ಹೇಳಿಕೊಡುತ್ತೇನೆ. ಶಾಲೆಗೆ ಶೀಲ್ಡು ಬೇಕು.

ಅತ್ತೆಗೆ ನಾನು ಏನೂ ಹೇಳಿರಲಿಲ್ಲ. ಮಾವನೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಹೋದ ವರ್ಷ ಅತ್ತೆಯ ಮಂಡಿ ನೋವಿಗೆ ಕುಂದಾಪುರದ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಚೀಟಿಯ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಅವರೇ ಕೇಳಿದರು: "ಅವತ್ತ್ ನಾ ಸೀಮಂತಕ್ ಹೋದ ದಿನ ಎಂತ ಆಯ್ತ್ ನಿಮ್ಗಿಬ್ರಿಗೂ? ಅವತ್ತಿಂದ ಅವ್ರ್ ಪಾತ್ರ ಎಲ್ಲ ಬಿಟ್ಟ್ ಬರೀ ಮನ್ಶರಾಯೇ ಇದ್ರ್. ನಂಗೆ ಬೇಜಾರಾತ್ತ್."

ಹೇಳಿದೆ. ಮಾತಿಗೆ ಮಾತು ಹೇಳಿದೆ. ಅತ್ತೆ ಕಾಲು ನೀವಿಕೊಳ್ಳುತ್ತ ಕೇಳಿದರು. ದಡದಲ್ಲಿ ಉಳಿದವರ ಹಕ್ಕು ಎನ್ನುವಲ್ಲಿಗೆ ಬಂದಾಗ ಅವರ ಕೈ ನಿಂತಿತು.

"ಉತ್ತವ್ರ್, ಕೊಯ್ದವ್ರ್, ದೀಪ ಹಚ್ಚಿದವ್ರ್. ಅದ್ ನಾನಾ?"

"ಹೌದ್, ಅತ್ತೆ."

"ನನ್ನ ಹೆಸ್ರಲ್ಲ್ ವಾದ ಮಾಡುಕೆ ನಿಂಗೆ ಆರ್ ಮಾರಾಯ್ತಿ ವಕಾಲ್ತ್ ಕೊಟ್ಟದ್ದ್?"

ನಾನು ಕೈಯಲ್ಲಿದ್ದ ಚೀಟಿಯನ್ನು ಮಡಚಿದೆ, ಬಿಡಿಸಿದೆ.

ಅತ್ತೆ ಮೆಲ್ಲಗೆ ಹೇಳಿದರು, ಪಕ್ಕದ ಬೆಂಚಿನವರಿಗೆ ಕೇಳಬಾರದೆಂದು. "ಅವ್ರ್ ಮುಂಬೈಲಿಪ್ಪತಿಗೆ ನಂಗೆ ಸಮುದ್ರ ಕಾಂಬುಕೆ ಪುರ್ಸೊತ್ತ್ ಎಲ್ಲಿತ್ತ್? ನಟ್ಟಿ, ದನ, ಕೊಯ್ಲ್, ಆಳುಗಳಿಗೆ ಊಟ. ಬಿಜೂರಲ್ಲ್ ಸಮುದ್ರದ ಸದ್ದ್ ಕೇಂತ್, ಅಷ್ಟೇ. ನಾ ಸಮುದ್ರ ಕಂಡದ್ದ್ ಅವ್ರ್ ಬಂದ್ ಜಗಲೀಲಿ ಕೂಕಂಡ್ ಹೇಳ್ವತಿಗೆ. ಉಳ್ದವ್ರಿಗೆ ಕಾಂಬುಕೆ ಆತಿಲ್ಲೆ ಹೆಣೆ. ಬಿಟ್ಟ್ ಹೋದವ್ರಿಗೇ ಕಾಂಬುದ್."

ಅಷ್ಟು ಹೊತ್ತಿಗೆ ನರ್ಸು ಚೀಟಿ ಕೂಗಿದಳು. ಅತ್ತೆ ನನ್ನ ಭುಜ ಹಿಡಿದು ಎದ್ದರು.

ಸಮುದ್ರವನ್ನು ನೋಡದ ಒಬ್ಬಳನ್ನು ಕೇಳದೆಯೇ ಸಾಕ್ಷಿಯಾಗಿ ನಿಲ್ಲಿಸಿ, ನೋಡಿದ್ದ ಒಬ್ಬನ ಬಾಯಿ ಮುಚ್ಚಿಸಿದ್ದೆ. ಪುರಾವೆ ಪುರಾವೆ ಎಂದು ಕುಣಿಯುವ ನಾನು ಒಂದು ಪುರಾವೆಯನ್ನೂ ಕೇಳಿರಲಿಲ್ಲ. ಅತ್ತೆ ಒಳಗಿನ ಕೋಣೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ವರ್ಷಗಟ್ಟಲೆ ಇದ್ದರು. ಅವರ ಜಾಗದಲ್ಲಿ ಕೂತುಕೊಂಡೇ ಅವರ ಪರವಾಗಿ ಮಾತಾಡಿದ್ದೆ.

ಅಂದು ಬಿಜೂರಿನ ಮನೆ ತಲುಪಿದ ಕೂಡಲೇ ಮಾವನಿಗೆ ಹೇಳಿದೆ. ನನ್ನ ವಾದ ತಪ್ಪು, ಇಗೋ ಉತ್ತರ ಸಿಕ್ಕಿತು, ಇನ್ನು ಬರೆಯಿರಿ ಎಂದೆ. ಮಾವ ಎಲ್ಲ ಕೇಳಿ, ಅತ್ತೆಯ ಕಡೆ ನೋಡಿ, ಆಮೇಲೆ ಅಂಗಳದ ಕಡೆ ನೋಡಿದರು.

"ಚಂದ ಉತ್ರವೇ. ಆರೆ ಅದ್ ಮುದ್ಕ ಹೇಳಿದ್ದಲ್ಲಲೆ. ಅವ್ಳ್ ಹೇಳಿದ್ದ್."

"ಹಂಗಾರೆ ನನ್ನನ್ನೂ ಆ ನೌಕೆಗ್ ಹತ್ಸಿ" ಎಂದರು ಅತ್ತೆ, ಔಷಧದ ಚೀಟಿಯನ್ನು ಗೂಡಿನಲ್ಲಿಡುತ್ತ. "ಅಷ್ಟ್ ದೊಡ್ಡ ನೌಕೆಲಿ ದಡದಲ್ಲ್ ಉಳ್ದ ಹೆಂಗ್ಸ್ ಒಬ್ಳೂ ಇಲ್ದಿರೆ ಅದ್ ಎಂತ ಕತೆ? ನಿಮ್ ಮುದ್ಕಂಗೆ ಉಣ್ಣುಕೆ ಹಾಕುದ್ ಆರ್?"

"ದಡದಲ್ಲ್ ಉಳ್ದವ್ಳ್ ನೌಕೆಲಿ ಹ್ಯಾಂಗ್ ಇಪ್ಪುದ್ ಮಾರಾಯ್ತಿ?"

"ಅದ್ ನಿಮ್ ಕೆಲ್ಸ. ನೀವಲ್ದಾ ಕಾದಂಬರಿಕಾರ್ರ್?"

ಮಾವ ನಗಲಿಲ್ಲ. ಎದ್ದು ಒಳಗೆ ಹೋಗಿ ಅಟ್ಟದ ಮೇಲೆ ಏನೋ ಸರಿಸಾಡುವ ಸದ್ದು ಮಾಡಿದರು. ಟೇಪ್‌ರೆಕಾರ್ಡರಿನ ಒಳಗೆ ಸೆಲ್ಲು ಕರಗಿ ಅಂಟಿಕೊಂಡಿತ್ತು. ಬೈಂದೂರಿನ ರಿಪೇರಿ ಅಂಗಡಿಯವನು ಅದನ್ನು ಕಂಡು, "ಇದನ್ನ್ ಮ್ಯೂಸಿಯಮ್ಮಿಗ್ ಕೊಡಿ" ಎಂದ. ಆದರೂ ಸರಿ ಮಾಡಿ ಕೊಟ್ಟ.

ಈಗ ಕೆಲವು ಭಾನುವಾರ ಅತ್ತೆ ಜಗಲಿಯಲ್ಲಿ ತಮ್ಮ ಹಳೆಯ ಜಾಗದಲ್ಲಿ ಕೂರುತ್ತಾರೆ. ಮಂಡಿಯ ದೆಸೆಯಿಂದ ಹೆರೆಮಣೆ ಆಗುವುದಿಲ್ಲ, ಕುರ್ಚಿ. ಪುಸ್ತಕ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಹೆಚ್ಚಿನ ದಿನ ಇಬ್ಬರೂ ನಾಲ್ಕು ಮಾತು ಆಡಿ, ಪಾತ್ರ ಬಿಟ್ಟು, ಯಾವುದೋ ಹಳೆಯ ಕೊಯ್ಲಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಟೇಪು ಸುಮ್ಮನೆ ತಿರುಗುತ್ತದೆ.

ನನ್ನ ಜಾಗ ಈಗ ಒಲೆಯ ಹತ್ತಿರ. ಹಾಲು, ಪುಡಿ, ಸಕ್ಕರೆ, ಮಾವನದ್ದಕ್ಕೆ ಸಕ್ಕರೆಯಿಲ್ಲ. ಸರಿಯಾದ ಹೊತ್ತಿಗೆ "ಚಾ ಆಯ್ತ್" ಎಂದು ಕೂಗಬೇಕು, ಅಷ್ಟೇ ಕೆಲಸ. ಹೋದ ವಾರ ಜಗಲಿಯಿಂದ ಮಾವನ ದನಿ ಕೇಳಿಸಿತು. "ಬಿಟ್ಟು ಹೊರಟ ದಿನ ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ." ಅದರಲ್ಲಿ ತರ್ಕದ ತಪ್ಪಿತ್ತು. ಎರಡು ಕಡೆ ಇತ್ತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇ ಬಂತು. ಸ್ಟೀಲಿನ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ.

ಅತ್ತೆ ಏನು ಹೇಳುತ್ತಾರೋ ಎಂದು ಕಿವಿಗೊಟ್ಟೆ. ಅವರು ಏನೂ ಹೇಳಲಿಲ್ಲ. ಮಾವನೂ ಹೇಳಲಿಲ್ಲ. ಈಗ ಕೂಗಬೇಕೋ, ಇನ್ನೂ ಕಾಯಬೇಕೋ, ನನಗೆ ತಿಳಿಯಲಿಲ್ಲ. ಹಿಂದೆ ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು.